ಚಿಕ್ಕ ಸೊಸೆಗೆ ಸದ್ದಾಗದು

ನಮ್ಮ ಕಸುಬಿನಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಒಂದೇ ಮನೆಯಲ್ಲಿ ಕೂತು ಉಣ್ಣುವುದು ಕಷ್ಟ. ನಾನು ನೆಲದೊಳಗೆ ಅದಿರು ಇದೆಯೋ ಇಲ್ಲವೋ ಎಂದು ಹುಡುಕುವ ತಂಡದ ಮೇಸ್ತ್ರಿ. ನನ್ನ ಗಂಡ ಅದಿರು ಇದೆ ಎಂದ ಕಡೆ ಬಂದು ಕೊರೆಯುವ ಯಂತ್ರದವರು. ಹುಡುಕುವವರು ಮೊದಲು ಬರುತ್ತೇವೆ, ಕೆಲಸ ಮುಗಿಸಿ ಗಂಟುಮೂಟೆ ಕಟ್ಟುತ್ತೇವೆ. ಕೊರೆಯುವವರು ಆಮೇಲೆ ಬರುತ್ತಾರೆ. ನಾನು ಬಿಟ್ಟ ಬಾಡಿಗೆ ಮನೆಗೇ ಅವರು ಬಂದು ಸೇರಿದ್ದೂ ಉಂಟು. ಒಂದು ಸಲ ಅಂಥ ಮನೆಯಿಂದ ಫೋನ್ ಮಾಡಿ, "ಅಡುಗೆಮನೆ ಕಿಟಕಿ ಚಿಲಕ ಮುರಿದಿದ್ದು ನೀನೇ ತಾನೆ?" ಎಂದು ಕೇಳಿದರು. ನಾನೇ. ಸಿಟ್ಟಿನಲ್ಲಿ ಎಳೆದಿದ್ದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಊರ ಶಾಲೆಯಲ್ಲಿ ಮೇಷ್ಟರು ನನ್ನನ್ನು ಬಾಗಿಲ ಪಕ್ಕದಲ್ಲೇ ಕೂರಿಸುತ್ತಿದ್ದರು, ಹೊರಗೆ ಕಳಿಸುವುದಕ್ಕೆ ಸುಲಭ ಎಂದು. ಈ ವಯಸ್ಸಿನಲ್ಲಿ ಬದಲಾಗು ಎಂದರೆ ಯಾರು ಬದಲಾಗುತ್ತಾರೆ?

ಈ ಊರಿನ ಬಾಡಿಗೆ ಮನೆಯಲ್ಲಿ ನನ್ನ ಜೊತೆ ಇದ್ದವರು ಇಬ್ಬರು: ನನ್ನ ಅತ್ತೆ, ನನ್ನ ಮೈದುನ. ಅತ್ತೆ ದೊಡ್ಡ ಮಗನ ಜೊತೆ ಇರಬಹುದಿತ್ತು. "ಮಗ ರಾತ್ರಿಯೆಲ್ಲ ಗೊರಕೆ ಹೊಡೀತಾನೆ, ಸೊಸೆ ಹಗಲೆಲ್ಲ ಬೈತಾಳೆ. ಬೈಗುಳ ಆದ್ರೆ ನಿದ್ದೆಗೆ ತೊಂದರೆ ಇಲ್ಲ" ಎಂದು ನನ್ನ ಜೊತೆ ತಿರುಗುತ್ತಾರೆ. ಮೈದುನ ನಮ್ಮ ತಂಡದ ಗಾಡಿ ಓಡಿಸುತ್ತಾನೆ. ಮದುವೆಯಾಗಿಲ್ಲ. ಅವನಿಗೆ ಇನ್ನೊಂದು ಕೆಲಸವೂ ಇದೆ, ಚಿಕ್ಕ ಸೊಸೆಗೆ ಕುಡಿಸುವುದು.

ಚಿಕ್ಕ ಸೊಸೆ ಎಂದರೆ ನಮ್ಮ ಸೆನ್ಸರ್. ನೋಡುವುದಕ್ಕೆ ದೊಡ್ಡ ಥರ್ಮಾಸ್ ಫ್ಲಾಸ್ಕಿನ ಹಾಗೆ. ಒಳಗೆ ಉಗುರಿನಷ್ಟು ಒಂದು ಸೂಪರ್‌ಕಂಡಕ್ಟರ್ ಚೂರು. ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ, ಕೈ ಹಾಕಿದರೆ ಕೈಯೇ ಗಾಜಾಗುವಂಥ ಚಳಿಯಲ್ಲಿಟ್ಟರೆ ಆ ಚೂರು ಕರೆಂಟಿಗೆ ಎಳ್ಳಷ್ಟೂ ಅಡ್ಡ ಬರುವುದಿಲ್ಲ. ಆಗ ಮಾತ್ರ ನೆಲದಾಳದ ಕಾಂತದ ಪಿಸುಮಾತು ಅದಕ್ಕೆ ಕೇಳಿಸುತ್ತದೆ. ಬೆಚ್ಚಗಾಯಿತೋ, ಕಿವುಡು. ಇದನ್ನು ಮೊದಲ ದಿನ ನೋಡಿದಾಗಲೇ ಅತ್ತೆ ಹೆಸರಿಟ್ಟರು. "ಗಾಳಿ ಆಗಲ್ಲ, ಬಿಸಿಲು ಆಗಲ್ಲ, ಪಕ್ಕದಲ್ಲಿ ಒಂದು ಸೌಟು ಇಟ್ರೆ ಆಗಲ್ಲ, ಹೊತ್ತು ಹೊತ್ತಿಗೆ ಕುಡಿಸ್ಬೇಕು. ಚಿಕ್ಕ ಮಗ ಮದುವೆ ಆಗ್ದೆ ಇದ್ರೂ ಚಿಕ್ಕ ಸೊಸೆ ಬಂದ್ಬಿಟ್ಟಳು!"

ಸೆನ್ಸರಿನ ಯಜಮಾನ ಡಾಕ್ಟರ್. ಕಡ್ಡಿಯಂಥ ಹುಡುಗ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಬೀದಿಯವರಿಗೆ ಅದೆಲ್ಲ ಯಾಕೆ ಬೇಕು? ಬೆಳಗಾದರೆ ಒಬ್ಬರು ಕೆಮ್ಮು, ಇನ್ನೊಬ್ಬರು ಮಂಡಿನೋವು ಎಂದು ಬಾಗಿಲಿಗೆ ಬರುತ್ತಿದ್ದರು. ಅಂಥ ಡಾಕ್ಟರ್ ನಾನಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಎಲ್ಲರಿಗೂ ಬಿಸಿನೀರು ಕುಡಿಯಿರಿ ಎನ್ನತೊಡಗಿದರು. ಕೆಲವರಿಗೆ ವಾಸಿಯೂ ಆಯಿತು.

ನಮ್ಮ ಕೆಲಸ ಹೀಗೆ. ನೆಲದ ಮೇಲೆ ತಂತಿಯನ್ನು ಹೊಲದಷ್ಟು ದೊಡ್ಡ ಚೌಕವಾಗಿ ಹಾಸುತ್ತೇವೆ. ಅದರಲ್ಲಿ ಕರೆಂಟು ಬಿಟ್ಟು ತಟ್ಟನೆ ನಿಲ್ಲಿಸುತ್ತೇವೆ. ಆಗ ನೆಲದೊಳಗೆ ಕರೆಂಟು ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಸಾಯುತ್ತದೆ. ಮಡಕೆ ತಟ್ಟಿದರೆ ದಬ್ ಎಂದು ಸುಮ್ಮನಾಗುವ ಹಾಗೆ ಮಣ್ಣಿನದು ಬೇಗ ಸಾಯುತ್ತದೆ. ಕಂಚಿನ ತಟ್ಟೆಯ ಹಾಗೆ ಗುಂಯ್ ಎಂದು ಉಳಿದರೆ ಕೆಳಗೆ ಅದಿರಿದೆ ಎಂದು ಅರ್ಥ. ಈ ಊರಿನಲ್ಲಿ ಮೊದಲೇ ಹಳೆಯ ಯಂತ್ರ ತಂದು ಹುಡುಕಿದ್ದರು, ಏನೂ ಕಂಡಿರಲಿಲ್ಲ. ಹೆಂಚಿನ ಕಾರ್ಖಾನೆ ಇರುವ ಊರು, ಮೇಲೆಲ್ಲ ಒದ್ದೆ ಜೇಡಿಮಣ್ಣು. ಆ ಮಣ್ಣಿನ ಗದ್ದಲದಲ್ಲೇ ಹಳೆಯ ಯಂತ್ರದ ಕಿವಿ ತುಂಬಿಹೋಗುತ್ತಿತ್ತು. ಗದ್ದಲವೆಲ್ಲ ಅಡಗಿದ ಮೇಲೆ ಉಳಿಯುವ ಸಣ್ಣ ದನಿ ಕೇಳುವುದಕ್ಕೆ ಚಿಕ್ಕ ಸೊಸೆಯೇ ಬೇಕು.

ನನಗೆ ಅದಿರು ಸಿಕ್ಕರೆ ಏನು, ಬಿಟ್ಟರೆ ಏನು? ಸಂಬಳ ಅಷ್ಟೇ. ಆದರೆ ಈ ಸಲ ಡಾಕ್ಟರ್ ಒಂದು ಮಾತು ಹೇಳಿದ್ದರು. ಇಲ್ಲಿ ಆಳದಲ್ಲಿ ಏನಾದರೂ ಸಿಕ್ಕರೆ ನಾವು ಹೋಗುವ ಹಾಗಿಲ್ಲ. ಕೊರೆಯುತ್ತಿರುವಾಗಲೇ ಸುತ್ತಲೂ ಮತ್ತೆ ಮತ್ತೆ ಅಳೆದು, ಅದಿರು ಯಾವ ಕಡೆ ವಾಲಿದೆ ಎಂದು ಕೊರೆಯುವವರಿಗೆ ಹೇಳುತ್ತಿರಬೇಕು. ಅಂದರೆ ಹುಡುಕುವವರೂ ಕೊರೆಯುವವರೂ ಒಂದೇ ಊರಿನಲ್ಲಿ, ತಿಂಗಳುಗಟ್ಟಲೆ. ನಾನು ಡಾಕ್ಟರ ಮುಂದೆ "ಹೌದಾ" ಎಂದಷ್ಟೇ ಅಂದೆ. ಮನೆಗೆ ಬಂದು ಅಡುಗೆಮನೆಯ ಕಿಟಕಿ ಚಿಲಕಕ್ಕೆ ಎಣ್ಣೆ ಹಾಕಿದೆ.

ಎಲ್ಲ ಸಾಲುಗಳನ್ನೂ ಅಳೆದಾಗಿತ್ತು, ಎಲ್ಲ ಕಡೆಯೂ ದಬ್. ಕಾರ್ಖಾನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಒಂದು ಸಾಲು ಮಾತ್ರ ಉಳಿದಿತ್ತು. ಶನಿವಾರ ಆಫೀಸಿನಲ್ಲಿ ಮೀಟಿಂಗು. ಅಲ್ಲಿಯವರೆಗೆ ಏನೂ ಸಿಗದಿದ್ದರೆ ನಾವು ಉತ್ತರದ ಗಡಿಗೆ, ಗಂಡನ ಯಂತ್ರ ದಕ್ಷಿಣದ ಕರಾವಳಿಗೆ.

ಗುರುವಾರ ಸಂಜೆ ಮಾರನೆಯ ದಿನಕ್ಕೆ ತಂತಿ ಹಾಸಿ ಮನೆ ಕಡೆ ಬರುತ್ತಿದ್ದೆ. ಬೀದಿಯ ತಿರುವಿನಿಂದಲೇ ನಮ್ಮ ಅಂಗಳದಲ್ಲಿ ದಟ್ಟವಾದ ಬಿಳಿ ಹೊಗೆ ಕಾಣಿಸಿತು. ಸುತ್ತ ಜನ. ಮನೆಗೆ ಬೆಂಕಿ ಬಿತ್ತು ಎಂದುಕೊಂಡೆ. ಪಕ್ಕದ ಮನೆ ಮುಂದಿದ್ದ ನೀರಿನ ಬಕೆಟ್ ಎತ್ತಿಕೊಂಡು ಓಡಿ, ಜನರ ಮಧ್ಯೆ ನುಗ್ಗಿ, ಹೊಗೆ ಎಲ್ಲಿ ದಟ್ಟವಾಗಿತ್ತೋ ಅಲ್ಲಿಗೆ ನೀರು ಎರಚಿದೆ.

ಹೊಗೆ ಬುಸ್ಸೆಂದು ಇಮ್ಮಡಿಯಾಯಿತು. ಒಳಗಿಂದ ಡಾಕ್ಟರ್ ಎದ್ದು ನಿಂತರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಚಮಚ.

"ಅಕ್ಕ," ಎಂದರು, "ಇದು ಐಸ್‌ಕ್ರೀಮು."

ಮೈದುನ ದೊಡ್ಡ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮರದ ಸೌಟಿನಿಂದ ಹಾಲು ತಿರುಗಿಸುತ್ತಿದ್ದ. ಪಕ್ಕದಲ್ಲಿ ನೈಟ್ರೋಜನ್ ಡಬ್ಬ ಖಾಲಿಯಾಗಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಬೀದಿಯ ಮಕ್ಕಳೆಲ್ಲ ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು, ಮಕ್ಕಳ ಹಿಂದೆ ನಾಚಿಕೆಯಿಲ್ಲದೆ ದೊಡ್ಡವರು. ಕೆಮ್ಮಿನವರೂ ಇದ್ದರು. ಎಲ್ಲರ ನಡುವೆ ಮೋಡದ ಮೇಲೆ ಕೂತವರಂತೆ ಅತ್ತೆ.

"ಇದ್ದ ನೈಟ್ರೋಜನ್ ಎಲ್ಲ ಸುರಿದ್ಯೇನೋ?" ಎಂದೆ.

"ನಾಳೆ ಬೆಳಿಗ್ಗೆ ಹೊಸದು ಬರುತ್ತಲ್ಲ ಅತ್ತಿಗೆ. ಹಳೇದು ಇಟ್ರೂ ಹೇಗಿದ್ರೂ ಆವಿಯಾಗಿ ಹೋಗುತ್ತೆ. ಗಾಳಿಗೆ ಹೋಗೋದು ಹೊಟ್ಟೆಗೆ ಹೋಗ್ಲಿ ಅಂತ…"

ಅದು ಸುಳ್ಳಲ್ಲ. ಹೊಸ ಡಬ್ಬ ಬರುವ ಹಿಂದಿನ ಸಂಜೆ ತಳದಲ್ಲಿ ಉಳಿದದ್ದನ್ನು ಚೆಲ್ಲುವುದು ನಮ್ಮಲ್ಲಿ ವಾಡಿಕೆ. ಆದರೂ ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರ ಫೋನ್ ಬಡಿದುಕೊಂಡಿತು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು ಹಿಡಿದು ಅವರು "ಹೂಂ… ಹೂಂ…" ಎನ್ನುತ್ತ ಬಿಳಿಚಿಕೊಂಡರು.

"ಪ್ಲಾಂಟಿನ ಕಂಪ್ರೆಸರ್ ಕೆಟ್ಟಿದೆಯಂತೆ ಅಕ್ಕ. ಮುಂದಿನ ವಾರದವರೆಗೂ ನೈಟ್ರೋಜನ್ ಇಲ್ಲವಂತೆ."

ಅತ್ತೆಯ ಚಮಚ ಬಟ್ಟಲಿನ ತಳ ಕೆರೆಯುವುದು ಮಾತ್ರ ಕೇಳುತ್ತಿತ್ತು.

"ಚಿಕ್ಕ ಸೊಸೆ ಹೊಟ್ಟೇಲಿ ಎಷ್ಟಿದೆ?" ಎಂದೆ.

"ಮಧ್ಯಾಹ್ನ ಕುಡಿಸಿದ್ದು. ನಾಳೆ ಮಧ್ಯಾಹ್ನದವರೆಗೆ ಬರಬಹುದು. ಬರದೇನೂ ಇರಬಹುದು" ಎಂದ ಮೈದುನ.

ಆಮೇಲೆ ನಾನು ಏನೇನು ಬೈದೆ ಎಂದು ಇಲ್ಲಿ ಬರೆಯುವಂತಿಲ್ಲ. ಮೈದುನನಿಂದ ಶುರುಮಾಡಿ, ಡಾಕ್ಟರ್ ಓದಿದ ಯೂನಿವರ್ಸಿಟಿಯವರೆಗೆ ಹೋಗಿ, ಹಾಲು ಕೊಟ್ಟ ಹಸುವಿಗೆ ಬಂದು ನಿಂತೆ. "ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಕೊನೆಗೆ ಮತ್ತೆ ಮೈದುನನಿಗೆ ಅಂದಾಗ ಅತ್ತೆ ತಲೆ ಎತ್ತಿದರು.

"ಮಣ್ಣು ಹಾಕೋದಾದ್ರೆ ಮೊದಲು ನನ್ನ ಬಾಯಿಗೆ ಹಾಕು. ಹಲ್ಲಿಲ್ದೆ ತಿನ್ನೋಕೆ ಏನಾದ್ರೂ ಮಾಡೋ ಅಂತ ಅವನನ್ನ ಕೇಳಿದ್ದು ನಾನು. ಈಗ ಇದನ್ನ ತಿನ್ನು, ಕರಗ್ತಾ ಇದೆ."

ಕೈಗೆ ಬಟ್ಟಲು ಇಟ್ಟರು. ಬೈಯುತ್ತಲೇ ತಿಂದೆ. ಚೆನ್ನಾಗಿತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹುಲ್ಲುಗಾವಲಿಗೆ ಹೋದೆವು. ಅತ್ತೆಯೂ ಬಂದರು. ತಪ್ಪಿನಲ್ಲಿ ತನ್ನದೂ ಪಾಲಿದೆ, ಊಟ ಅಲ್ಲಿಗೇ ತರುತ್ತೇನೆ ಎಂದು ಹಟ. ಕೆಂಪು ಬಾವುಟ ನೆಟ್ಟ ಗಡಿಯ ಹತ್ತಿರ ನಮ್ಮ ಪ್ಲಾಸ್ಟಿಕ್ ಬುಟ್ಟಿ ಇರುತ್ತದೆ. ಸೆನ್ಸರ್ ಬಳಿ ಹೋಗುವವರು ಮೈಮೇಲಿನ ಲೋಹವನ್ನೆಲ್ಲ ಅದರಲ್ಲಿ ಹಾಕಿ ಹೋಗಬೇಕು: ಬೀಗದಕೈ, ಫೋನು, ಬೆಲ್ಟು, ಕೂದಲ ಪಿನ್ನು. ಬುಟ್ಟಿಯ ಕಾವಲು ನನ್ನದು. ಅವತ್ತು ಡಾಕ್ಟರ ಜೇಬನ್ನೂ ಮಗುಚಿ ನೋಡಿದೆ. ಐಸ್‌ಕ್ರೀಮ್ ಚಮಚ ಸಿಕ್ಕಿತು. ಅವರು ನನ್ನ ಮುಖ ನೋಡಲಿಲ್ಲ.

ಸಾಲಿನ ಮೊದಲ ಜಾಗಗಳಲ್ಲಿ ಗುಂಡಿ ತೋಡಿ, ಗಾಳಿ ತಾಕದಂತೆ ಚಿಕ್ಕ ಸೊಸೆಯನ್ನು ಇಳಿಸಿ, ಮೇಲೆ ಹಲಗೆ ಮುಚ್ಚಿ ಅಳೆದೆವು. ದಬ್. ಮುಂದಿನದು, ದಬ್. ಬಿಸಿಲು ಏರುತ್ತಿತ್ತು. ಮೈದುನ ಸೆನ್ಸರನ್ನು ಎದೆಗವಚಿಕೊಂಡು, ಹೆತ್ತವಳ ಹಾಗೆ ಹೆಜ್ಜೆ ನೋಡಿ ನೋಡಿ ಸಾಗಿಸುತ್ತಿದ್ದ. ನಾನು ಅವನ ಹಿಂದೆ ಹಿಂದೆಯೇ, "ಮೆಲ್ಲಗೆ! ಕಣ್ಣು ಎಲ್ಲಿಟ್ಟಿದ್ದೀಯ? ನಿನ್ನೆ ತಿಂದದ್ದು ಇನ್ನೂ ತಲೆಗೆ ಹತ್ತಿದೆಯಾ?" ಎನ್ನುತ್ತ ಬರುತ್ತಿದ್ದೆ.

ಕೊನೆಯ ಜಾಗ ಇನ್ನೂ ಮೆತ್ತನೆಯ ಜೇಡಿಮಣ್ಣು. ಸೆನ್ಸರ್ ಇಳಿಸಿ ಶುರುಮಾಡಿದರೆ ಡಾಕ್ಟರ ಲ್ಯಾಪ್‌ಟಾಪಿನ ಗೆರೆ ಹುಚ್ಚು ಹಿಡಿದಂತೆ ಕುಣಿಯಿತು.

"ಲೋಹ! ಯಾರ ಹತ್ರ ಏನಿದೆ?" ಎಂದು ನಾನು ನೆಲ ಒದ್ದು ಕೂಗಿದೆ. ತಂಡದಲ್ಲಿ ತಂತಿ ಎಳೆಯುವವರ ಜೇಬು ನೋಡಿದೆ, ಅತ್ತೆಯ ಜಡೆ ಬಿಚ್ಚಿ ನೋಡಿದೆ, ಮೈದುನನ ಶೂ ಕಳಚಿಸಿ ಒಳಗೆ ಕೈ ಹಾಕಿದೆ. ಏನೂ ಇಲ್ಲ. ಗೆರೆ ಕುಣಿಯುತ್ತಲೇ ಇತ್ತು. ಡಬ್ಬದೊಳಗಿನ ಚಳಿ ತೊಟ್ಟು ತೊಟ್ಟಾಗಿ ಹೋಗುತ್ತಿತ್ತು.

ಡಾಕ್ಟರ್ ಗಂಟಲು ಸರಿಮಾಡಿಕೊಂಡರು. "ಅಕ್ಕ, ಕೋಪ ಮಾಡ್ಕೋಬೇಡಿ. ಒಂದು ಸಣ್ಣ ಪರೀಕ್ಷೆ. ನಿಂತಲ್ಲೇ ನಿಂತು, ಕೈಕಾಲು ಆಡಿಸದೆ ಇವರನ್ನ ಬೈಯಿರಿ."

"ಏನು?"

"ಬೈಯಿರಿ. ಆದರೆ ಅಲ್ಲಾಡ್ಬೇಡಿ."

ನಿಂತಲ್ಲೇ ಬೈದೆ. ಗೆರೆ ನೇರವಾಗಿ ಮಲಗಿತು.

"ಈಗ ಎಂದಿನಂತೆ ಬೈಯಿರಿ."

"ಎಂದಿನಂತೆ ಅಂದ್ರೇನ್ರೀ ಡಾಕ್ಟ್ರೇ? ನಾನೇನು ದಿನಾ ಬೈತೀನಾ?" ಎಂದು ಎರಡು ಹೆಜ್ಜೆ ಮುಂದೆ ಬಂದೆ. ಗೆರೆ ಕುಣಿಯಿತು.

ತಂತಿ ಎಳೆಯುವವರು ಬೇರೆ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ಡಾಕ್ಟರ್ ಮೆಲ್ಲಗೆ ವಿವರಿಸಿದರು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಸೆನ್ಸರ್ ಕೂದಲೆಳೆಯಷ್ಟು ವಾಲಿದರೂ ಆ ಕಾಂತವೆಲ್ಲ ಅದರ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿಯ ಮಣ್ಣು ಹಾಸಿಗೆಯ ಹಾಗೆ. ನಾನು ಕಾಲು ಬಡಿದರೆ ಚಿಕ್ಕ ಸೊಸೆ ತೊಟ್ಟಿಲಲ್ಲಿದ್ದಂತೆ ತೂಗಾಡುತ್ತಾಳೆ.

"ನಾನು ಮೊದಲೇ ಹೇಳಿರ್ಲಿಲ್ವಾ?" ಎಂದರು ಅತ್ತೆ. "ಚಿಕ್ಕ ಸೊಸೆಗೆ ಸದ್ದಾಗದು. ದೊಡ್ಡ ಸೊಸೆಗೆ ಸದ್ದಿಲ್ಲದೆ ಆಗದು."

ನಾನು ನೆಲಕ್ಕೆ ಕೂತೆ. ಅತ್ತೆ ಪಕ್ಕದಲ್ಲಿ ಕೂತು ನನ್ನ ಮಂಡಿಯ ಮೇಲೆ ಕೈ ಇಟ್ಟರು. ಅದು ಪ್ರೀತಿಗೋ ಅದುಮಿ ಹಿಡಿಯುವುದಕ್ಕೋ ಗೊತ್ತಾಗಲಿಲ್ಲ. ಇನ್ನೊಂದು ಪಕ್ಕಕ್ಕೆ ಮೈದುನ ಬಂದು ಕೂತ. ಡಾಕ್ಟರ್ ಕೈ ಎತ್ತಿದರು. ಕೈ ಇಳಿಸುವವರೆಗೆ ಯಾರೂ ಅಲ್ಲಾಡುವಂತಿಲ್ಲ.

ಗೆರೆ ಮೂಡುವುದಕ್ಕೆ ಶುರುವಾಯಿತು. ಆಗ ಮೈದುನ ತುಟಿ ಮಾತ್ರ ಅಲುಗಿಸಿ ಮೆಲ್ಲಗೆ ಶುರುಮಾಡಿದ. "ಅತ್ತಿಗೆ. ಒಂದು ವಿಷಯ ಇದೆ. ಈಗ್ಲೇ ಹೇಳೋದು ಒಳ್ಳೇದು ಅನ್ಸುತ್ತೆ."

ನಾನು ಕಣ್ಣು ಮಾತ್ರ ಅವನ ಕಡೆ ತಿರುಗಿಸಿದೆ.

"ಹೋದ ವಾರ ಅಣ್ಣ ಫೋನ್ ಮಾಡಿದ್ದ. ಏನಾದ್ರೂ ಸಿಕ್ತಾ ಅಂದ. ಪಾಪ, ದನಿ ಸಪ್ಪೆ ಇತ್ತು. ನಾನು… ಸಿಕ್ತು ಅಂದ್ಬಿಟ್ಟೆ."

ನನ್ನ ಕಿವಿಯಿಂದ ಬಿಸಿ ಗಾಳಿ ಹೊರಟಿತು.

"ಅವನು ಅದನ್ನ ನಂಬಿ ಕರಾವಳಿ ಕೆಲಸ ಬೇಡ ಅಂದ್ಬಿಟ್ಟನಂತೆ. ಅದನ್ನ ಬೇರೆ ಗ್ಯಾಂಗಿಗೆ ಕೊಟ್ರಂತೆ. ಈಗ ಯಂತ್ರ ಗಾಡಿ ಮೇಲೆ ಹೇರ್ಕೊಂಡು ಕೂತಿದಾನೆ. ಇಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ಅವನಿಗೆ ಎಲ್ಲೂ ಕೆಲ್ಸ ಇಲ್ಲ."

ಮೂರ್ಖ! ಕೋಣ! ಬೈಗುಳಗಳೆಲ್ಲ ಒಟ್ಟಿಗೆ ಗಂಟಲಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಕೈ ತಾನಾಗಿ ಮುಷ್ಟಿಯಾಯಿತು, ಹೆಬ್ಬೆರಳು ನೆಲ ಕೆರೆಯುವುದಕ್ಕೆ ಹೊರಟಿತು. ಅತ್ತೆ ಮಂಡಿಯನ್ನು ಒತ್ತಿದರು. ಉಸಿರನ್ನೂ ಅರ್ಧಕ್ಕೆ ಹಿಡಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದುದೇ ಇಲ್ಲ. ಶಾಲೆಯಲ್ಲೂ ಇರಲಿಲ್ಲ, ಮದುವೆಯಲ್ಲೂ ಇರಲಿಲ್ಲ. ಬಿಳಿ ಚಿಟ್ಟೆಯೊಂದು ಬಂದು ನನ್ನ ಮೂಗಿನ ತುದಿಯಲ್ಲಿ, ಸರಿಯಾಗಿ ಕೋಪ ಇರುವ ಜಾಗದಲ್ಲೇ ಕೂತಿತು. ಅದನ್ನೂ ಓಡಿಸಲಿಲ್ಲ.

ಗೆರೆ ಮೇಲಿನಿಂದ ಬಿತ್ತು, ಮಣ್ಣಿನ ಗದ್ದಲ. ಬಿತ್ತು, ಬಿತ್ತು… ಬೇರೆ ಜಾಗದಲ್ಲಿ ಇಷ್ಟು ಹೊತ್ತಿಗೆ ನೆಲ ಕಚ್ಚಿರುತ್ತಿತ್ತು. ಇಲ್ಲಿ ಕಚ್ಚಲಿಲ್ಲ. ನೆಲಕ್ಕಿಂತ ಸ್ವಲ್ಪ ಮೇಲೆ, ಮಲಗಲು ಮನಸ್ಸಿಲ್ಲದ ಮಗುವಿನ ಹಾಗೆ, ಬಲಕ್ಕೆ ಉದ್ದಕ್ಕೆ ಸಾಗುತ್ತಲೇ ಇತ್ತು. ಡಾಕ್ಟರ್ ಎತ್ತಿದ ಕೈ ಇಳಿಸದೆಯೇ ಇನ್ನೊಮ್ಮೆ ಅಳೆದರು. ಮತ್ತೆ ಅದೇ ಗೆರೆ, ಅದೇ ಬಾಲ. ಮೂರನೆಯ ಸಲ ಅರ್ಧಕ್ಕೆ ಬಂದಾಗ ಗೆರೆ ಒಮ್ಮೆ ಜಿಗಿದು ಸತ್ತೇಹೋಯಿತು.

"ನಾನು ಅಲ್ಲಾಡ್ಲಿಲ್ಲ!" ಎಂದೆ.

"ನೀವಲ್ಲ ಅಕ್ಕ. ನೈಟ್ರೋಜನ್ ಮುಗೀತು." ಡಾಕ್ಟರ್ ಕೈ ಇಳಿಸಿದರು. ಮುಖದ ತುಂಬ ನಗು. "ಸಾಕು. ಎರಡು ಸಲ ಒಂದೇ ಥರ ಬಂದಿದೆ. ಕೆಳಗೆ ಇದೆ. ದೊಡ್ಡದೇ ಇದೆ. ಇನ್ನೂ ಗುಂಯ್ ಅಂತಿದೆ."

ಆಗ ನಾನು ಎದ್ದೆ. ಅಲ್ಲಿಯವರೆಗೆ ಹಿಡಿದಿಟ್ಟದ್ದನ್ನೆಲ್ಲ ಕಾಲಿಗೆ ಬಿಟ್ಟೆ. ಹುಲ್ಲುಗಾವಲಿನ ತುಂಬ ಮೈದುನನನ್ನು ಅಟ್ಟಿಸಿಕೊಂಡು ಓಡಿದೆ. ಒಂದು ಕಾಲಿಗೆ ಶೂ ಇಲ್ಲದೆ ಅವನು ಓಡುತ್ತ, "ನಾನು ಹೇಳಿದ್ದು ನಿಜವೇ ಆಯ್ತಲ್ಲ ಅತ್ತಿಗೆ! ಒಂದು ವಾರ ಮುಂಚೆ ಹೇಳ್ದೆ, ಅಷ್ಟೇ!" ಎಂದು ಕೂಗುತ್ತಿದ್ದ. ಸಿಕ್ಕಿದ. ಹೊಡೆಯಬೇಕು ಎಂದುಕೊಂಡೇ ಹಿಡಿದೆ. ಯಾಕೋ ತಬ್ಬಿಕೊಂಡೆ. ಅದಕ್ಕೆ ಅವನು ಹೊಡೆತಕ್ಕಿಂತ ಹೆಚ್ಚು ಹೆದರಿದ.

ಶನಿವಾರದ ಮೀಟಿಂಗಿನಲ್ಲಿ ಡಾಕ್ಟರ್ ಆ ಎರಡು ಗೆರೆ ತೋರಿಸಿದರು. ಕೊರೆಯುವುದು ಎಂದು ತೀರ್ಮಾನವಾಯಿತು. ಹುಡುಕುವ ತಂಡ ಇಲ್ಲೇ ಇರತಕ್ಕದ್ದು ಎಂದೂ. ಯಾವ ಯಂತ್ರ ಬೇಗ ಬರಬಹುದು ಎಂದು ಆಫೀಸಿನವರು ಕೇಳಿದಾಗ, ಒಂದು ಯಂತ್ರ ಈಗಾಗಲೇ ಗಾಡಿಯ ಮೇಲೇ ಇದೆ ಎಂದು ತಿಳಿದು ಅವರಿಗೆ ಬಹಳ ಸಂತೋಷವಾಯಿತಂತೆ. ಮುಂದಾಲೋಚನೆ ಎಂದರೆ ಇದು ಎಂದು ಹೊಗಳಿದರಂತೆ. ಮೈದುನ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದ.

ನೈಟ್ರೋಜನ್ ಬಂತು. ಅದಾದ ಮರುದಿನ ನಾವು ಹುಲ್ಲುಗಾವಲಿನ ಇನ್ನೊಂದು ಬದಿಯಲ್ಲಿ ಅಳೆಯುತ್ತಿದ್ದಾಗ ರಸ್ತೆಯಲ್ಲಿ ಕೊರೆಯುವ ಯಂತ್ರದ ದೊಡ್ಡ ಗಾಡಿ ಕಾಣಿಸಿತು. ನನ್ನ ಗಂಡ ದೂರದಲ್ಲೇ ಗಾಡಿ ನಿಲ್ಲಿಸಿ ಇಳಿದು, ಕೈ ಬೀಸುತ್ತ ನೇರ ನಮ್ಮ ಕಡೆ ಹೊರಟರು.

"ರೀ! ಅಲ್ಲೇ ನಿಲ್ಲಿ!" ಎಂದು ನಾನು ನಿಂತಲ್ಲಿಂದಲೇ ಕೂಗಿದೆ. "ಬಾವುಟದ ಹತ್ರ ಬುಟ್ಟಿ ಇದೆ. ಬೆಲ್ಟ್ ಬಿಚ್ಚಿ ಹಾಕಿ!"

ಅವರು ಬಾವುಟದ ಬಳಿ ನಿಂತರು. "ಇಷ್ಟು ತಿಂಗಳಾದ ಮೇಲೆ ಮುಖ ನೋಡ್ತಿದೀಯ. ಮೊದಲ ಮಾತೇ ಇದಾ?"

"ಹೇಳಿದಷ್ಟು ಮಾಡೋ," ಎಂದರು ಅತ್ತೆ. "ಚಿಕ್ಕ ಸೊಸೆ ಮುಂದೆ ಮರ್ಯಾದೆಯಿಂದ ಇರ್ಬೇಕು."

"ಯಾವ ಚಿಕ್ಕ ಸೊಸೆ? ಇವನಿಗೆ ಮದುವೆ ಯಾವಾಗ ಆಯ್ತು?"

ಅಷ್ಟರಲ್ಲಿ ಡಾಕ್ಟರ್ ಕೈ ಎತ್ತಿದ್ದರು. ನನ್ನ ಗಂಡ ಜೇಬಿನಿಂದ ಸ್ಪ್ಯಾನರು, ತಿರುಪುಗಳು, ಬೀಗದಕೈ ಗೊಂಚಲು ಎಲ್ಲವನ್ನೂ ತೆಗೆದು ತೆಗೆದು ಬುಟ್ಟಿಗೆ ಹಾಕಿದರು. ಬುಟ್ಟಿ ತುಂಬಿತು. ಕೊನೆಗೆ ಬೆಲ್ಟು. ಅಲ್ಲೇ ಬಾವುಟದ ಬಳಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ನಿಂತರು. ಸೊರಗಿದ್ದರು. ಬೆಲ್ಟಿಲ್ಲದೆ ಅದು ಎದ್ದು ಕಾಣುತ್ತಿತ್ತು. ನಾನೂ ಅಲ್ಲಾಡದೆ ನಿಂತಿದ್ದೆ. ನಮ್ಮಿಬ್ಬರ ನಡುವೆ ಹುಲ್ಲು, ನಮ್ಮ ತಂತಿ, ನೆಲದೊಳಗೆ ಎಲ್ಲೋ ಗುಂಯ್ ಎನ್ನುವ ಅದಿರು.

ಡಾಕ್ಟರ ಕೈ ಇಳಿಯುತ್ತಿದೆ ಎಂದು ನನಗೆ ಅನಿಸಿತು. ಓಡಿದೆ.

ಕೈ ಪೂರ್ತಿ ಇಳಿದಿರಲಿಲ್ಲವಂತೆ. ಆ ಗೆರೆಯನ್ನು ಡಾಕ್ಟರ್ ಅಳಿಸದೆ ಇಟ್ಟುಕೊಂಡಿದ್ದಾರೆ. ಉದ್ದಕ್ಕೂ ತಣ್ಣಗೆ ಬಂದು, ಕೊನೆಯಲ್ಲಿ ದಪ್ಪ ದಪ್ಪ ಹೆಜ್ಜೆಗಳಾಗಿ ಕುಣಿಯುತ್ತದೆ.